ಸಿದ್ದಮ್ಮನ ಮೊಮ್ಮಗಳ ಹಾಲುಹಲ್ಲು

ಕೊರೊನಾ ಮುಗಿದು ಅಂಗನವಾಡಿ ಬಾಗಿಲು ಮತ್ತೆ ತೆಗೆದ ವರ್ಷ. ನಾನು ಯಗಟಿ ಹತ್ತಿರದ ಒಂದು ಹಳ್ಳಿಯಲ್ಲಿ ಸಹಾಯಕಿ. ಅಡುಗೆ ಮಾಡೋದು, ಕಸ ಹೊಡೆಯೋದು, ಮಕ್ಕಳ ಕೈ ಬಾಯಿ ತೊಳೆಸೋದು ನನ್ನ ಕೆಲಸ. ಈಗ ರಿಟೈರಾಗಿದ್ದೀನಿ, ಯಾರಿಗೂ ಹೆದರಬೇಕಾಗಿಲ್ಲ. ಆಗಲೂ ಹೆದರಿರಲಿಲ್ಲ ಅನ್ನಿ.

ತೆಂಗಿನ ತೋಟದ ಸಿದ್ದಮ್ಮನ ಮೊಮ್ಮಗಳು ಧನ್ಯ, ನಾಲ್ಕು ವರ್ಷದ್ದು, ಒಂದು ದಿನ ಮೊಟ್ಟೆ ಮುಟ್ಟಲಿಲ್ಲ. ಕೆನ್ನೆ ಬನ್ನಿನ ಹಾಗೆ ಊದಿತ್ತು, ಮೈ ಸುಡುತ್ತಿತ್ತು. ಕೈ ತೊಳೆದುಕೊಂಡು ಬಾಯಿ ತೆಗೆಸಿ ನೋಡಿದೆ. ಮುಂದಿನ ಹಲ್ಲೆಲ್ಲ ಕರೀ ಮೊಂಡು. ದವಡೆ ಹಲ್ಲಿನ ಬುಡದಲ್ಲಿ ಕೀವು. ಟೀಚರ್ ಮೀಟಿಂಗಿಗೆ ಹೋಗಿದ್ದರು. ಉಳಿದ ಮಕ್ಕಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಧನ್ಯಳನ್ನು ಎತ್ತಿಕೊಂಡು ಸಿದ್ದಮ್ಮನ ಮನೆಗೇ ನಡೆದೆ.

ಅಲ್ಲಿ ಸಿದ್ದಮ್ಮ ಕೆಂಡ ಮಾಡಿಕೊಂಡು ಕೂತಿದ್ದಳು. ಹಲ್ಲಿನಲ್ಲಿ ಹುಳ ಇರುತ್ತೆ, ಕೆಂಡಕ್ಕೆ ಬೀಜ ಹಾಕಿ ಹೊಗೆ ಹಿಡಿಸಿದರೆ ಉದುರುತ್ತೆ ಅನ್ನೋದು ನಮ್ಮ ಕಡೆಯ ನಂಬಿಕೆ.

"ಅಮ್ಮಾರೇ, ಕೀವಾಗೈತೆ. ಈಗ್ಲೇ ಕಡೂರಿಗೆ ಕರ್ಕೊಂಡೋಗಿ" ಅಂದೆ.

"ಲೇ ಲಕ್ಕಿ, ನಿನ್ನ ಕೈ ನಮ್ಮ ಹುಡುಗಿ ಬಾಯಿಗೆ ಯಾಕೆ ಹೋಯ್ತೇ? ಉದುರೋ ಹಲ್ಲಿಗೆ ಯಾವನಾದ್ರೂ ಡಾಕ್ಟ್ರ ಹತ್ರ ಹೋಯ್ತಾನಾ?"

ಆ ಕೈ ಯಾವ ಕೇರಿಯದು ಅನ್ನೋದೇ ಅವಳಿಗೆ ಸಂಕಟ. "ಇದೇ ಕೈಯಲ್ಲಿ ಮಾಡಿದ ಉಪ್ಪಿಟ್ಟು ದಿನಾ ತಿಂತಾಳೆ. ಈ ಮಗೀಗೆ ಹೊಗೆ ಹಿಡಿದ್ರೆ ಊರು ಸೇರಿಸ್ತೀನಿ, ನೋಡ್ತಿರಿ" ಅಂದೆ.

ಸೊಸೆ ಆಶಾ ಬಾಗಿಲಲ್ಲಿ ನಿಂತು ಸೆರಗು ಹಿಂಡುತ್ತಿದ್ದಳು. "ಏನಮ್ಮಾ ಕಂಬದಂಗೆ ನಿಂತಿದೀಯ? ಹೆತ್ತೋಳು ನೀನಾ, ಅವ್ರಾ?" ಅಂತ ಅವಳನ್ನೇ ಕೇಳಿದೆ.

ಆಶಾ ಬಂದು ನನ್ನ ಕೈಯಿಂದ ಮಗುವನ್ನು ಕಿತ್ತುಕೊಂಡಳು. "ಬಸ್ಸು ಎಷ್ಟೊತ್ತಿಗೆ ಲಕ್ಕಮ್ಮ?" ಆ ಮನೆಯವರ ಬಾಯಲ್ಲಿ ನನ್ನ ಹೆಸರು ಪೂರ್ತಿ ಬಂದಿದ್ದು ಅದೇ ಮೊದಲು.

ನಾನೂ ಜೊತೆಗೆ ಹೋದೆ. ಕಡೂರಿನ ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನವರು. ಕೀವು ತೆಗೆದು ಇಂಜೆಕ್ಷನ್ ಕೊಟ್ಟರು. ಇನ್ನೂ ಬಿಟ್ಟಿದ್ದರೆ ಕುತ್ತಿಗೆಗೆ ಇಳಿದು ಉಸಿರೇ ಕಟ್ಟುತ್ತಿತ್ತು ಅಂದರು. "ಮಲಗಿಸುವಾಗ ಬಾಯಿಗೆ ಏನು ಕೊಡ್ತೀರ?" ಅಂತ ಕೇಳಿದರು. ಆಶಾ ಚೀಲದಿಂದ ಬಟ್ಟೆ ಗಂಟು ತೆಗೆದಳು. ಒಳಗೆ ಬೆಲ್ಲ. ಅತ್ತೆ ಕಟ್ಟಿಕೊಟ್ಟಿದ್ದು. ಅದನ್ನು ಚೀಪುತ್ತಲೇ ಮಗು ನಿದ್ದೆ ಹೋಗುತ್ತಿತ್ತು, ಬೆಲ್ಲ ರಾತ್ರಿಯೆಲ್ಲ ಹಲ್ಲು ತಿನ್ನುತ್ತಿತ್ತು. ಹಾಲಿನ ದವಡೆ ಹಲ್ಲು ಹತ್ತು ಹನ್ನೊಂದು ವರ್ಷದವರೆಗೆ ಇರಬೇಕಂತೆ, ಹುಟ್ಟೋ ಹಲ್ಲಿಗೆ ಅದೇ ಜಾಗ ಹಿಡಿದಿರುತ್ತಂತೆ. ಧನ್ಯಳ ಎರಡು ಹಲ್ಲು ಮಾತ್ರ ಉಳಿಯೋ ಹಾಗಿರಲಿಲ್ಲ, ಊತ ಇಳಿದ ಮೇಲೆ ಕಿತ್ತರು.

ಸಿದ್ದಮ್ಮ ಸುಮ್ಮನಿರಲಿಲ್ಲ, ನನ್ನ ಮೇಲೆ ದೂರು ಕೊಟ್ಟಳು. ಸೂಪರ್‌ವೈಸರ್ ಬಂದು, "ಇನ್ಮೇಲೆ ಮಕ್ಕಳ ಬಾಯಿಗೆ ಕೈ ಹಾಕಲ್ಲ ಅಂದ್ಬಿಡಿ, ಮುಗೀತದೆ" ಅಂದರು.

"ನಾಳೆನೂ ನೋಡ್ತೀನಿ ಮೇಡಂ. ಬೇಕಾದ್ರೆ ಕೆಲಸದಿಂದ ತೆಗೀರಿ."

ತೆಗೆಯಲಿಲ್ಲ. ಟೀಚರಿಗೆ ಹೇಳಿ ಬ್ರಷ್ ತರಿಸಿದೆ. ಊಟವಾದ ಮೇಲೆ ಎಲ್ಲ ಮಕ್ಕಳಿಗೂ ಬಟಾಣಿ ಕಾಳಿನಷ್ಟು ಪೇಸ್ಟು.

ಆರು ತಿಂಗಳಾಗಿರಬೇಕು. ಸಿದ್ದಮ್ಮ ಚಿಕ್ಕ ಮೊಮ್ಮಗನನ್ನು ಸೊಂಟದ ಮೇಲೆ ಹೊತ್ತು ಬಂದಳು. ಅವನ ಬಾಯಲ್ಲೂ ಬಟ್ಟೆ ಗಂಟು. "ಇವನಿಗೂ ಎರಡು ಹಲ್ಲು ಬಂದವೆ, ನೋಡೇ."

"ಲಕ್ಕಮ್ಮ ಅಂತ ಕರೀರಿ, ನೋಡ್ತೀನಿ."

ಹೆಸರು ಕರೆಯಲಿಲ್ಲ. ಗಂಟು ಕಿತ್ತು ಚರಂಡಿಗೆ ಎಸೆದಳು. ಮಗುವಿನ ಬಾಯಿ ತೆಗೆಸಿ ನೋಡಿದೆ.

ಈ ಕೆಲಸ ಕಲಿಸಿದ್ದನ್ನ ಹೇಳ್ತೀನಿ. ಮೊದಲ ಹಲ್ಲು ಕಂಡ ದಿನದಿಂದಲೇ ಒದ್ದೆ ಬಟ್ಟೆಯಲ್ಲಿ ಒರೆಸಿ. ನಿನ್ನ ಕೈ ಯಾಕೆ ಬಂತು ಅಂತ ಯಾರಾದರೂ ಕೇಳಿದರೆ, ಇಷ್ಟು ದಿನ ನಿಮ್ಮ ಕೈ ಎಲ್ಲಿತ್ತು ಅಂತ ಕೇಳಿ.