ಟ್ಯೂಬು ಕಟ್ಟಿದ ಹಿಡಿಕೆ

ಹತ್ತರಗಿಯ ಹೈವೇ ಬದಿಯಲ್ಲಿ ಶಂಕ್ರವ್ವನ ಕಟ್ಟಿಗೆ ಅಡ್ಡೆ ಇದೆ. ಗಂಡ ತೀರಿದ ಮೇಲೆ ಅದನ್ನು ನಡೆಸಿಕೊಂಡು ಬಂದವಳು ಅವಳೇ. ಢಾಬಾಗಳಿಗೆ, ಮದುವೆ ಅಡುಗೆಯವರಿಗೆ ಬೇಕಾದ ಕಟ್ಟಿಗೆಯನ್ನು ವರ್ಷಗಟ್ಟಲೆ ಕೊಡಲಿಯಿಂದಲೇ ಒಡೆದಳು. ಬಲಗೈ ಮೇಲೇಳದಂತಾದಾಗ ಸಂಕೇಶ್ವರದಿಂದ ಹಳೆಯದೊಂದು ಕರೆಂಟಿನ ಮಷಿನ್ ತಂದಳು. ಅದರ ಒಂದು ತುದಿಯಲ್ಲಿ ಉಕ್ಕಿನ ಬೆಣೆ. ಇನ್ನೊಂದು ತುದಿಯಿಂದ ಕಬ್ಬಿಣದ ದಂಡ ನಿಧಾನವಾಗಿ ಬಂದು ದಿಮ್ಮಿಯನ್ನು ಬೆಣೆಗೆ ಒತ್ತಿ ಸೀಳುತ್ತಿತ್ತು. ಒಂದು ಕೈಯಲ್ಲಿ ಬಟನ್ನು, ಇನ್ನೊಂದರಲ್ಲಿ ಹಿಡಿಕೆ ಒತ್ತಿ ಹಿಡಿದರೆ ಮಾತ್ರ ದಂಡ ಮುಂದೆ ಬರುವುದು. ಹಿಡಿಕೆ ಬಿಟ್ಟರೆ ಒಳಗಿನ ಸ್ಪ್ರಿಂಗು ಅದನ್ನು ಹಿಂದೆ ಎಳೆಯುವುದು. ಹಾಗಾಗಿ ಯಾವ ಕೈಯೂ ದಿಮ್ಮಿಯ ಹತ್ತಿರ ಸುಳಿಯುವಂತಿರಲಿಲ್ಲ.

ಬಗ್ಗಿ ಬಗ್ಗಿ ಸೊಂಟ ಹಿಡಿಯುತ್ತದೆಂದು ಶಂಕ್ರವ್ವ ಮಷಿನ್ನಿಗೆ ಎತ್ತರದ ಕಾಲು ವೆಲ್ಡಿಂಗ್ ಮಾಡಿಸಿದಳು. ಅಷ್ಟು ಅವಳಿಗೆ ಸಾಕಾಯಿತು. ಜೊತೆಗೆ ದುಡಿಯುತ್ತಿದ್ದ ಮೈದುನ ಶಿದ್ರಾಮನಿಗೆ ಸಾಲಲಿಲ್ಲ. ಜಾಲಿಯ ಸೊಟ್ಟ ದಿಮ್ಮಿಗಳು ಹೊರಳುತ್ತವೆ, ಹಿಡಿದುಕೊಳ್ಳಲು ಒಂದು ಕೈ ಬೇಕೇ ಬೇಕು ಎನ್ನುತ್ತಿದ್ದ. ಅವಳು ತವರೂರು ಕುಲಗೋಡಕ್ಕೆ ಹೋಗಿ ಬರುವಷ್ಟರಲ್ಲಿ ಬಟನ್ನು ಕಿತ್ತು ಮನೆಯ ದೀಪದ ಸ್ವಿಚ್ಚು ಕೂಡಿಸಿದ್ದ. ಹಿಡಿಕೆಯನ್ನು ಸೈಕಲ್ ಟ್ಯೂಬಿನಿಂದ ಬಿಗಿದಿದ್ದ. ಸ್ವಿಚ್ಚು ಹಾಕಿದರೆ ಯಾರೂ ಹಿಡಿಯದೆ ದಂಡ ತಾನಾಗಿಯೇ ಬರುತ್ತಿತ್ತು; ಹಿಂದೆ ಕಳಿಸಬೇಕಾದಾಗ ಮಾತ್ರ ಟ್ಯೂಬು ಜಾರಿಸುತ್ತಿದ್ದ.

"ಇದನ್ನ ತಗಿ ಶಿದ್ರಾಮ. ನೋಡಿದ್ರ ಎದಿ ಝಲ್ ಅಂತೈತಿ."

"ನಾ ಎದುರಿಗೇ ಇರ್ತೇನಲ್ಲ ವೈನಿ. ಏನಾಗೂದೈತಿ?"

ಅವಳು ಟ್ಯೂಬು ಕಿತ್ತೆಸೆದಳು. ಮರುದಿನ ಇನ್ನೊಂದು ಬಂತು. ಒಮ್ಮೆ ದಿಮ್ಮಿಯೊಂದು ಸಿಡಿದು ತಗಡಿನ ಗೋಡೆ ಸೀಳಿತು. ಇನ್ನೊಮ್ಮೆ ಶಿದ್ರಾಮನ ಅಂಗಿಯ ತೋಳು ಸಿಕ್ಕು ಹರಿಯಿತು. ಅವನು ನಕ್ಕ. ಲಗ್ನದ ದಿನಗಳು, ಕಟ್ಟಿಗೆಗೆ ಜನ ಮುಗಿಬಿದ್ದಿದ್ದರು. ಶಂಕ್ರವ್ವ ಹೇಳುವುದನ್ನು ಬಿಟ್ಟಳು, ಆದರೆ ಮಷಿನ್ನಿಗೆ ಬೆನ್ನು ಮಾಡಿ ಕೂರುವುದನ್ನೂ ಬಿಟ್ಟಳು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಅರ್ಧ ಸೀಳಿದ ದಿಮ್ಮಿ ಬೆಣೆಗೆ ಕಚ್ಚಿಕೊಂಡಿತ್ತು. ಸ್ವಿಚ್ಚು ಹಾಕಿದ್ದು ಹಾಗೇ ಇತ್ತು, ಟ್ಯೂಬೂ ಬಿಗಿದೇ ಇತ್ತು. ಶಿದ್ರಾಮ ಬಗ್ಗಿ, ದಂಡಕ್ಕೂ ದಿಮ್ಮಿಯ ಸೊಟ್ಟ ತುದಿಗೂ ನಡುವೆ ಉಳಿದಿದ್ದ ಸಂದಿಗೆ ಕೈ ತೂರಿಸಿ ಅದನ್ನು ಅಲ್ಲಾಡಿಸತೊಡಗಿದ. ತಕ್ಕಡಿಯ ಹತ್ತಿರ ಕೂತಿದ್ದ ಶಂಕ್ರವ್ವನಿಗೆ ಮೊದಲು ಕಂಡದ್ದು ಆ ಸ್ವಿಚ್ಚು.

"ಕೈ ತಗಿ," ಎಂದಳು.

ಅವನು ತಲೆ ಎತ್ತಿ ನೋಡಿದ. ಪಕ್ಕದ ಪಂಕ್ಚರ್ ಅಂಗಡಿಯ ಫ್ಯಾನು ತಿರುಗತೊಡಗಿತು.

ಅವನ ಕೂಗು ಕೇಳಿ ಪಂಕ್ಚರ್ ಅಂಗಡಿಯವನು ಓಡಿ ಬಂದು ವೈರು ಹಿಡಿದೆಳೆದ. ಮೋಟಾರು ನಿಂತಿತು, ದಂಡ ಮಾತ್ರ ಕೈಯನ್ನು ಒತ್ತಿಕೊಂಡೇ ನಿಂತಿತು. ಕರೆಂಟು ಹೋದರೂ ಹಿಡಿಕೆ ಬಿಡುವತನಕ ಅದು ಇದ್ದಲ್ಲೇ ನಿಲ್ಲುವುದು ಶಂಕ್ರವ್ವನಿಗೆ ಗೊತ್ತಿತ್ತು. ಕುಡುಗೋಲು ತಂದು ಟ್ಯೂಬನ್ನು ಕೊಯ್ದಳು. ಹಿಡಿಕೆ ಮೇಲೆ ಹಾರಿ, ದಂಡ ಹಿಂದೆ ಸರಿಯಿತು.

ಬೆಳಗಾವಿಯ ದವಾಖಾನೆಯಲ್ಲಿ ಎರಡು ಬೆರಳು ತೆಗೆದರು. ಉಳಿದ ಕೈ ಉಳಿಯಿತು.

ಶಂಕ್ರವ್ವ ಮಷಿನ್ನನ್ನು ಮಾರಲಿಲ್ಲ. ಒತ್ತಿ ಹಿಡಿಯುವ ಬಟನ್ನನ್ನು ಮತ್ತೆ ಕೂಡಿಸಿದಳು. ಹೋದ ಕರೆಂಟು ಬಂದರೂ ತಾನಾಗಿ ಶುರುವಾಗದ ಸ್ಟಾರ್ಟರ್ ಹಾಕಿಸಿದಳು. ದಿಮ್ಮಿ ಸಿಕ್ಕಿಕೊಂಡರೆ ಮೊದಲು ಪ್ಲಗ್ ಕಿತ್ತು, ಆಮೇಲೆ ಸುತ್ತಿಗೆಯಿಂದ ಬಡಿದು ಬಿಡಿಸುತ್ತಾಳೆ. ಶಿದ್ರಾಮ ಈಗ ಕಟ್ಟಿಗೆ ಒಟ್ಟುತ್ತಾನೆ, ಗಾಡಿ ತುಂಬುತ್ತಾನೆ. ಕರೆಂಟು ಹೋದೊಡನೆ ಮಾತ್ರ ಮಾಡುವ ಕೆಲಸ ಬಿಟ್ಟು ರಸ್ತೆಗೆ ನಡೆಯುತ್ತಾನೆ. ಅದು ಬಂದು ಎಷ್ಟೋ ಹೊತ್ತಾದ ಮೇಲೆ, ಅತ್ತಿಗೆ ಅವನ ಹೆಸರು ಹಿಡಿದು ಕರೆದರೆ ಒಳಗೆ ಬರುತ್ತಾನೆ.