ನಾನು ಅಳಿಸಿದ ನಕ್ಷತ್ರ

ಸ್ಟುಡಿಯೋ ಕಾಕಾನ ಬಲಗೈಯ ಹೆಬ್ಬೆರಳು, ತೋರುಬೆರಳಿನ ಉಗುರುಗಳು ಕಂದುಬಣ್ಣಕ್ಕೆ ತಿರುಗಿದ್ದವು. ಫಿಲ್ಮ್ ತೊಳೆಯುವ ರಸಾಯನದಲ್ಲಿ ಮೂವತ್ತು ವರ್ಷ ಅದ್ದಿದ ಬೆರಳುಗಳು. “ತಂಬಾಕ ಅಲ್ಲರೀ, ದಂಧೆ” ಎಂದು ಹೊಸಬರಿಗೆ ತಾವೇ ಹೇಳಿಬಿಡುತ್ತಿದ್ದರು. ಬಿಜಾಪುರದ ಕಡೆಯವರು, ಮುಂಬಯಿ ಹತ್ತಿರದ ಡೊಂಬಿವಲಿ ಸ್ಟೇಶನ್ನಿನ ಪೂರ್ವಕ್ಕೆ ಅವರ ಅಂಗಡಿ. ಹತ್ತೊಂಬತ್ತರ ನಾನು ಅಲ್ಲಿ ರಿಟಚಿಂಗ್ ಮಾಡುತ್ತಿದ್ದೆ. ಕಪ್ಪು-ಬಿಳುಪು ಫೋಟೋಗಳ ಮೇಲೆ ಧೂಳಿನಿಂದಾಗಿ ಉಳಿಯುವ ಬಿಳಿ ಚುಕ್ಕೆಗಳನ್ನು ಸಣ್ಣ ಬ್ರಶ್ಶಿನಲ್ಲಿ ಬಣ್ಣ ತುಂಬಿ ಮುಚ್ಚುವ ಕೆಲಸ. ನನ್ನ ಕಣ್ಣಿಗೆ ಬಿದ್ದ ಚುಕ್ಕೆ ಉಳಿದದ್ದಿಲ್ಲ. ಆ ಜಂಬ ನನಗೆ ಬೇಕಾದಷ್ಟಿತ್ತು.

ಮದುವೆ, ಮುಂಜಿವೆ, ಪಾಸ್‌ಪೋರ್ಟ್ ಫೋಟೋ ಹೊಟ್ಟೆಪಾಡಿಗೆ. ಅಮಾವಾಸ್ಯೆ ಹತ್ತಿರ ಬಂತೆಂದರೆ ಕಾಕಾ ದುರ್ಬೀನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಕರ್ಜತ್ ಲೋಕಲ್ ಹತ್ತುತ್ತಿದ್ದರು. ಇಳಿಯುವುದು ದಾರಿಯ ವಾಂಗಣಿಯಲ್ಲಿ; ಆ ಹಳ್ಳಿಯಲ್ಲಿ ಆಗ ದೀಪಗಳು ಕಡಿಮೆ. ಅವರಿಗೆ ಬೇಕಾದದ್ದು ಸಪ್ತರ್ಷಿ ಮಂಡಲದ ಕಡೆಗಿನ ಒಂದೇ ಒಂದು ಸುರುಳಿ ಗ್ಯಾಲಕ್ಸಿಯ ಫೋಟೋ. ಮುಕ್ಕಾಲು ಗಂಟೆ ಫಿಲ್ಮ್ ತೆರೆದಿಟ್ಟು, ಆಕಾಶ ಸರಿದಷ್ಟೂ ದುರ್ಬೀನನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕೂರಬೇಕು. ಸೀನಿದರೆ ಮುಗಿಯಿತು!

ಥಾಣೆಯ ಖಗೋಳ ಮಂಡಳಿಯ ಇಂಜಿನಿಯರುಗಳು ಅವರನ್ನು ‘ಲಗ್ನಾಚೆ ಫೋಟೋಗ್ರಾಫರ್’, ಮದುವೆ ಫೋಟೋದವರು, ಎಂದು ಚುಡಾಯಿಸುತ್ತಿದ್ದರು. ಕಾಕಾ ನಗುತ್ತಿದ್ದರು. ಆದರೆ ಆ ಮಂದಿಯ ಎದುರು ಒಮ್ಮೆಯಾದರೂ ತಲೆ ಎತ್ತಬೇಕೆಂಬ ಆಸೆ ಅವರಿಗೆ ಎಷ್ಟಿತ್ತೆಂದು ನನಗೆ ಗೊತ್ತಿತ್ತು.

“ಕಾಕಾ, ಇಷ್ಟು ವರ್ಷ ತಿರುಗಿದ್ರ ಆ ಸುರುಳಿ ನೂಲಿನ ಉಂಡಿ ಹಂಗ ಸುತಗೊಂಡು ಹೋಗಬೇಕಿತ್ತಲ್ಲ?” ಎಂದು ಒಮ್ಮೆ ಕೇಳಿದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಬೆಳಗಿನ ಒಂಬತ್ತಕ್ಕೇ ಅಂಗಡಿಯ ಶಟರ್ ಎಳೆದು ನನ್ನನ್ನು ಸ್ಟೇಶನ್ನಿನ ಸೇತುವೆಗೆ ಕರೆದೊಯ್ದರು.

“ಮೆಟ್ಟಲ ಹತ್ರ ಮಂದಿ ಗರ್ದಿ ನೋಡು. ತಾಸಿನಿಂದ ಅಲ್ಲೇ ಐತಿ. ಆದ್ರ ಅದೇ ಮಂದಿ ಐತೇನು?”

“ಇಲ್ಲ, ಬರ್ತಾರ, ಹೋಗ್ತಾರ.”

“ಹಾಂ! ಗ್ಯಾಲಕ್ಸಿ ತೋಳೂ ಹಂಗs. ಗರ್ದಿ ಉಳೀತದ, ಚುಕ್ಕಿ ದಾಟಿ ಹೋಗ್ತಾವ.”

ಒಂದು ಮಾರ್ಚಿನಲ್ಲಿ ವಾಂಗಣಿಯಿಂದ ಬಂದವರೇ ಪ್ರಿಂಟ್ ತೆಗೆದು ಒಣಹಾಕಿ, ಪಕ್ಕದೂರು ಕಲ್ಯಾಣದಲ್ಲಿ ಮದುವೆಯೊಂದರ ಫೋಟೋ ತೆಗೆಯಲು ಓಡಿದರು. ನಾನು ಅದನ್ನು ಗೋಡೆಯ ಮೇಲಿದ್ದ ಹೋದ ವರ್ಷದ ಫೋಟೋಕ್ಕೆ ಹೋಲಿಸಿ ನೋಡಿದೆ. ಸುರುಳಿಯ ಅಂಚಿನಲ್ಲಿ ಒಂದು ಚುಕ್ಕೆ ಹೆಚ್ಚಿಗಿತ್ತು. ಧೂಳು ಎಂದುಕೊಂಡೆ. ಬಣ್ಣ ಕಲಸಿ, ಗುರುತೂ ಸಿಗದಂತೆ ಮುಚ್ಚಿಬಿಟ್ಟೆ.

ಭಾನುವಾರ ಆ ಪ್ರಿಂಟ್ ಹಿಡಿದು ಥಾಣೆಯ ಮಂಡಳಿಯ ಸಭೆಗೆ ಹೋದ ಕಾಕಾ ಮರುದಿನ ಮುಖ ಸಣ್ಣದು ಮಾಡಿಕೊಂಡು ಬಂದರು.

“ಆ ಗ್ಯಾಲಕ್ಸಿಯೊಳಗ ಒಂದು ನಕ್ಷತ್ರ ಸಿಡದದಂತ. ಎಲ್ಲಾರ ಫೋಟೋದಾಗೂ ಬಂದದ, ನನ್ನದರಾಗ ಇಲ್ಲ. ನನ್ನ ಕೈ ಹೋತು ಯವ್ವಾ. ನೆಗೆಟಿವ್ ನೋಡೋ ಮನಸ್ಸೂ ಇಲ್ಲ. ದುರ್ಬೀನು ಮಾರಿಬಿಡ್ತೀನಿ.”

ನಾನು ಮುಚ್ಚಿದ ಚುಕ್ಕೆ ಅದೇ ಎಂದು ಗೊತ್ತಾಯಿತು. ಆದರೂ ಎರಡು ದಿನ ತುಟಿ ಬಿಚ್ಚಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ. ಮೂರನೆಯ ದಿನ ದುರ್ಬೀನು ಕೊಳ್ಳಲು ಒಬ್ಬ ಬಂದು ಅದರ ಗಾಜು ಒರೆಸಿ ನೋಡತೊಡಗಿದಾಗ ತಡೆಯಲಾಗಲಿಲ್ಲ.

“ಕಾಕಾ, ಅಲ್ಲಿ ಚುಕ್ಕಿ ಇತ್ತು. ನಾನs ಮುಚ್ಚೀನಿ.”

ಅವರು ಬಂದವನನ್ನು ವಾಪಸು ಕಳಿಸಿ, ನೆಗೆಟಿವ್ ಹಿಡಿದು ಡಾರ್ಕ್‌ರೂಮಿಗೆ ನಡೆದರು. ಹಿಂದೆಯೇ ನಾನು. ಟ್ರೇಯ ರಸಾಯನದಲ್ಲಿದ್ದ ಹೊಸ ಕಾಗದದ ಮೇಲೆ ಸುರುಳಿ ನಿಧಾನವಾಗಿ ಮೂಡಿತು. ಅದರ ಅಂಚಿನಲ್ಲಿ ಆ ಚುಕ್ಕೆಯೂ ಇತ್ತು.

“ಕೋಟಿ ವರ್ಷ ನಡದು ಡೊಂಬಿವಲಿ ತನಕಾ ಬಂದಿತ್ತಲ್ಲs ಯವ್ವಾ! ಒಂದು ಬ್ರಶ್ಶಿನಾಗ ಮುಗಿಸಿದಿ!” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ನಗಲಿಲ್ಲ, ಅತ್ತುಬಿಟ್ಟೆ.

ಮುಂದಿನ ಸಭೆಗೆ ನನ್ನನ್ನೂ ಕರೆದೊಯ್ದರು. ಹೊಸ ಪ್ರಿಂಟ್ ಕೈಯಿಂದ ಕೈಗೆ ಹೋಯಿತು. ಚುಕ್ಕೆ ಎಲ್ಲರ ಫೋಟೋಗಳಿಗಿಂತ ನಿಚ್ಚಳವಾಗಿತ್ತು. ಇಂಜಿನಿಯರುಗಳು ಎದ್ದು ಬಂದು ಶಾಭಾಸ್ ಎಂದು ಅವರ ಕೈ ಕುಲುಕಿದರು. ಕಾಕಾ ಕಾದು ಕೂತಿದ್ದ ಗಳಿಗೆ ಅದು. ಅವರು ಆ ಕೈಗಳನ್ನು ಬಿಡಿಸಿಕೊಂಡು ನನ್ನನ್ನು ಮುಂದಕ್ಕೆ ತಳ್ಳಿ, “ಆಧೀ ಹಿನೇ ಪಾಹಿಲಾ” ಎಂದರು: ಮೊದಲು ಕಂಡದ್ದು ಇವಳಿಗೆ. ಅಳಿಸಿದ ಸಂಗತಿಯನ್ನು ಯಾರಿಗೂ ಹೇಳಲಿಲ್ಲ.

ಮುಂದೆ ಕೆಲವೇ ವರ್ಷಗಳಲ್ಲಿ ಕಾಕಾ ತೀರಿಹೋದರು. ಈಗ ನನ್ನ ಕೈಕೆಳಗೂ ನಾಲ್ವರು ಕೆಲಸ ಮಾಡುತ್ತಾರೆ, ತಪ್ಪೂ ಮಾಡುತ್ತಾರೆ. ನಾನು ಬೈದುಬಿಡುತ್ತೇನೆ. ಕಾಕಾನಷ್ಟು ದೊಡ್ಡ ಮನಸ್ಸು ನನಗೆ ಇನ್ನೂ ಬಂದಿಲ್ಲ.