ಮುಂದಿನ ಸೈಕಲ್ಲು ಜನಾಬಾಯಿಯದು

ನಮ್ಮ ಗುಂಪಿನಲ್ಲಿ ಹದಿನಾಲ್ಕು ಜನ, ಎಲ್ಲರೂ ಅರವತ್ತು ದಾಟಿದವರು. ಭಾನುವಾರ ಬೆಳಿಗ್ಗೆ ಸೊಲ್ಲಾಪುರದ ಕೆರೆಯ ಸುತ್ತ ಇರುವ ಸೈಕಲ್ ದಾರಿಯಲ್ಲಿ ಆರಾಮವಾಗಿ ಆರು ಸುತ್ತು ಹೊಡೆಯುತ್ತೇವೆ. ಒಂದು ಸುತ್ತಿಗೆ ಎರಡು ಕಿಲೋಮೀಟರು. ಆಮೇಲೆ ಚಹಾ. ಗುಂಪು ಕಟ್ಟಿದವನು ನಾನು, ನಾಗಪ್ಪ. ನಲವತ್ತು ವರ್ಷ ಚಾದರದ ವ್ಯಾಪಾರ ಮಾಡಿದವನು. ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟೆ, ಯಜಮಾನಿಕೆ ಮಾತ್ರ ಬಿಡಲಾಗಲಿಲ್ಲ. ಅದನ್ನು ಈ ಗುಂಪಿನ ಮೇಲೆ ತೀರಿಸಿಕೊಳ್ಳುತ್ತೇನೆ ಎಂದು ನನ್ನ ಹೆಂಡತಿ ಕಸ್ತೂರಬಾಯಿ ಹೇಳುತ್ತಾಳೆ. ಹೇಳಲಿ.

ಜನಾಬಾಯಿಯನ್ನು ಗುಂಪಿಗೆ ಕರೆತಂದವಳೂ ಅವಳೇ. ಎರಡು ವರ್ಷದ ಹಿಂದೆ ಒಂದು ಭಾನುವಾರ, ಕಚ್ಚೆ ಹಾಕಿ ಸೀರೆ ಉಟ್ಟ ಹೆಂಗಸೊಬ್ಬಳು ಗಂಡಸರ ದೊಡ್ಡ ಸೈಕಲ್ಲಿನ ಹಿಂದೆ ಹಸಿ ಹುಲ್ಲಿನ ಹೊರೆ ಕಟ್ಟಿಕೊಂಡು ಆ ದಾರಿಯಲ್ಲಿ ಬಂದಳು. ಕಸ್ತೂರಬಾಯಿ ನಿಲ್ಲಿಸಿ ಮಾತಾಡಿಸಿದಳು, ಚಹಾ ಕುಡಿಸಿದಳು. ಮುಂದಿನ ವಾರದಿಂದ ಆಕೆ ನಮ್ಮವಳಾದಳು, ಸುತ್ತು ಮುಗಿಸಿ ಕಟ್ಟುವ ಹುಲ್ಲಿನ ಹೊರೆ ಸಮೇತ. ಇದೇನು ಮೇವಿನ ಗಾಡಿಯೋ ಎಂದು ನಾನು ಸಿಡುಕಿದ್ದಕ್ಕೆ, ಭಾನುವಾರ ನನ್ನ ಆಡುಗಳು ಉಪವಾಸ ಮಾಡುವುದಿಲ್ಲ ಎಂದು ತಣ್ಣಗೆ ಉತ್ತರ ಕೊಟ್ಟಳು.

ಆಕೆ ಮಂದ್ರೂಪದ ಕಡೆಯವಳು. ಕುರಿ ಸಾಕುವ ಮನೆತನ, ಬೀರೋಬ ದೇವರ ಒಕ್ಕಲು. ಗಂಡ ಧರೆಪ್ಪನ ಜೊತೆ ಮೂವತ್ತೈದು ವರ್ಷ ನೂರು ಕುರಿ ಹೊಡೆದುಕೊಂಡು ಭೀಮೆಯ ದಂಡೆಗುಂಟ ತಿರುಗಿದವಳು. ಬರಬರುತ್ತ ಎಲ್ಲಿ ನೋಡಿದರೂ ಕಬ್ಬು. ಕುರಿ ಬಾಯಿ ಹಾಕಲು ಬಯಲೇ ಉಳಿಯಲಿಲ್ಲ. ಹಿಂಡು ಮಾರಿದರು. ಧರೆಪ್ಪ ತೀರಿಕೊಂಡ ಮೇಲೆ ಜನಾಬಾಯಿ ಎರಡು ಆಡು ಹಿಡಿದುಕೊಂಡು ಸೊಲ್ಲಾಪುರಕ್ಕೆ, ಮಗಳು ಛಾಯಾಳ ಮನೆಗೆ ಬಂದಳು. ಮೇವು ತರಬೇಕಲ್ಲ, ಅರವತ್ತೊಂದನೇ ವಯಸ್ಸಿನಲ್ಲಿ ಅಳಿಯನ ಹಳೇ ಸೈಕಲ್ ಕಲಿಯಲು ಹೊರಟಳು. ಮೂರು ಸಲ ಬಿದ್ದಳು. ಅರವತ್ತಕ್ಕೆ ಅರಳು ಮರಳು ಎಂದು ಓಣಿಯವರು ನಕ್ಕರು. ನಾಲ್ಕನೇ ಸಲ ಅವರ ಮನೆಗಳ ಮುಂದೆಯೇ ಬೆಲ್ ಬಾರಿಸುತ್ತ ಹಾದುಹೋದಳು.

ಹಿಂಡಿನ ಮುಂದೆ ಆಕೆ ನಡೆಯುತ್ತಿದ್ದಳಂತೆ, ಹಿಂದೆ ಧರೆಪ್ಪ. ಹೆಂಗಸನ್ನು ಮುಂದೆ ಬಿಟ್ಟು ಗಂಡಸು ಹಿಂದೇಕೆ ಎಂದು ಒಮ್ಮೆ ಚಹಾ ಕುಡಿಯುವಾಗ ಕೇಳಿದೆ. ನನ್ನನ್ನು ಏನೂ ತಿಳಿಯದವನಂತೆ ನೋಡಿದಳು.

"ಮುಂದ ನಿಂತವ್ರ ಕೆಲಸ ದಾರಿ ತೋರಸೂದಲ್ರಿ ಸಾವ್ಕಾರ್ರ, ಓಡೂ ಕುರಿ ತಡಿಯೂದು. ಗಟ್ಟಿ ಇದ್ದವು ಹಸರು ಕಂಡ ಕೂಡ್ಲೆ ಓಡ್ತಾವು. ಕುಂಟೂವು, ಗಬ್ಬ ಇದ್ದವು ಹಿಂದ ಉಳೀತಾವು. ತೋಳ ಬರೂದು ಹಿಂದಿನಿಂದ."

ಅದಕ್ಕೇ ಆಕೆ ಕೋಲನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ನಡೆಯುತ್ತಿದ್ದಳಂತೆ. ನಾನು ಆ ಮಾತನ್ನು ಚಹಾದ ಜೊತೆಗೇ ಕುಡಿದು ಮರೆತೆ.

ಕಳೆದ ಕಾರ್ತಿಕದಲ್ಲಿ ನನ್ನ ತಲೆಗೊಂದು ಹುಳ ಹೊಕ್ಕಿತು: ಗುಂಪನ್ನು ಸೈಕಲ್ ಮೇಲೆ ಅಕ್ಕಲಕೋಟಕ್ಕೆ ಒಯ್ಯಬೇಕು. ಹತ್ತಿರ ಹತ್ತಿರ ನಲವತ್ತು ಕಿಲೋಮೀಟರು, ಬಿಸಿಲೇರುವ ಮೊದಲು ಮುಟ್ಟಬೇಕು. ಅದಕ್ಕೊಂದು ನಿಯಮ ಮಾಡಿದೆ. ಆರು ಸುತ್ತನ್ನು ಒಂದು ತಾಸಿನೊಳಗೆ ಮುಗಿಸಿದವರು ಅಕ್ಕಲಕೋಟಕ್ಕೆ, ಮುಗಿಸದವರು ಮನೆಗೆ. ಜನಾಬಾಯಿಗೆ ಒಂದೂವರೆ ತಾಸು ಹಿಡಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಇದು ಆಕೆಯನ್ನು ಬಿಡುವುದಕ್ಕೆಂದೇ ಮಾಡಿದ ನಿಯಮ ಎಂದು ಸಾಲಿ ಮಾಸ್ತರಿಕೆ ಮಾಡಿ ನಿವೃತ್ತನಾದ ಗೆಳೆಯ ಸಿದ್ಧರಾಮ ಮುಖಕ್ಕೇ ಅಂದ. ಶಿಸ್ತು ಎಂದರೆ ಶಿಸ್ತು ಎಂದೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಈಗ ಮುಚ್ಚಿಡುವುದೇನಿದೆ. ಪ್ರತಿ ಭಾನುವಾರ ನಾಲ್ಕನೇ ಸುತ್ತಿನಲ್ಲಿ, ಹುಣಸೆ ಮರದ ಹತ್ತಿರ, ನನ್ನ ಸೈಕಲ್ಲಿನ ಚೈನು ಬೀಳುತ್ತಿತ್ತು. ಚೈನಿಗೆ ಏನೂ ಆಗಿರಲಿಲ್ಲ. ಎಡ ಮೊಣಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಇಳಿದು ಬಗ್ಗಿ, ಚೈನು ಹಿಡಿದಂತೆ ಮಾಡಿ, ಮೊಣಕಾಲು ತಿಕ್ಕಿಕೊಂಡು ಹತ್ತುತ್ತಿದ್ದೆ. ಹೆಂಡತಿಗೂ ಹೇಳಿರಲಿಲ್ಲ. ಪರೀಕ್ಷೆಯ ದಿನ ಹಲ್ಲು ಕಚ್ಚಿ ತುಳಿದರಾಯಿತು ಎಂದುಕೊಂಡಿದ್ದೆ.

ಹಿಂದಿನ ವಾರವೇ ಜನಾಬಾಯಿಗೆ ನಿಯಮ ತಿಳಿಸಿ, ನೀವು ಬಸ್ಸಿಗೆ ಬರ್ರಿ ಎಂದೆ. ಅಕ್ಕಲಕೋಟಕ್ಕೆ ತಾನು ನೂರು ಕುರಿ ಕಟ್ಟಿಕೊಂಡು ನಡೆದೇ ಹೋದವಳು, ಈಗ ಸೈಕಲ್ ಮೇಲೆಯೇ ಬರುವವಳು ಎಂದು ಹೇಳಿ ಹೊರಟುಹೋದಳು. ಆ ಸೆಟೆದ ಬೆನ್ನು ನೋಡಿ ನನಗೆ ಮೈ ಉರಿಯಿತು.

ಪರೀಕ್ಷೆಯ ದಿನ ನಾವು ಹೋಗುವಷ್ಟರಲ್ಲಿ ದಾರಿಯ ಬಾಯಿಗೆ ಆಕೆಯ ಸೈಕಲ್ ನಿಂತಿತ್ತು. ಯಾವಾಗಲೂ ಸುತ್ತು ಮುಗಿದ ಮೇಲೆ ಕಟ್ಟುವ ಹುಲ್ಲನ್ನು ಅಂದು ಮೊದಲೇ ಕಟ್ಟಿದ್ದಳು. ಅದೂ ದುಪ್ಪಟ್ಟು ಹೊರೆ, ಅದೂ ಅಡ್ಡಲಾಗಿ. ಆ ದಾರಿ ಮೊದಲೇ ಇಕ್ಕಟ್ಟು: ಒಂದು ಕಡೆ ಕೆರೆಯ ಕಟಾಂಜನ, ಇನ್ನೊಂದು ಕಡೆ ಕಬ್ಬಿಣದ ಕಂಬಗಳು. ಆಕೆ ನಟ್ಟನಡುವೆ ಹೊರಟಳು. ನಾನು ಗಡಿಯಾರ ನೋಡಿ ಹಿಂದೆ ಹೊರಟೆ, ನನ್ನ ಹಿಂದೆ ಹನ್ನೆರಡು ಜನ.

ಬೆಲ್ ಬಾರಿಸಿದೆ. ಆಕೆ ಸರಿಯಲಿಲ್ಲ. ದಾರಿ ಬಿಡಿ ಎಂದು ಕೂಗಿದೆ. ಕಿವುಡಿಯಂತೆ ತುಳಿದಳು. ಎರಡನೇ ಸುತ್ತಿನಲ್ಲಿ ಬದಿಯಿಂದ ನುಗ್ಗಲು ಹೋದೆ, ಹಸಿ ಹುಲ್ಲು ಮುಖಕ್ಕೆ ಬಡಿಯಿತು, ಕಾಲು ಊರಿದೆ. ಹಿಂದೆ ನಗೆ ಕೇಳಿಸಿತು. ಎಲ್ಲಕ್ಕಿಂತ ಜೋರಾಗಿ ನಕ್ಕವಳು ನನ್ನ ಹೆಂಡತಿ. ಮೂರನೇ ಸುತ್ತಿಗೆ ಬೆಲ್‌ಗಳೆಲ್ಲ ಸುಮ್ಮನಾದವು. ಸದಾ ಏದುಸಿರು ಬಿಡುವ ಸಿದ್ಧರಾಮ ಅಂದು ಹರಟೆ ಹೊಡೆಯುತ್ತ ಬರುತ್ತಿದ್ದ. ನಾಲ್ಕನೇ ಸುತ್ತಿನ ಹುಣಸೆ ಮರ ಯಾವಾಗ ಹಿಂದೆ ಸರಿಯಿತೋ ಸಿಟ್ಟಿನಲ್ಲಿ ನನಗೆ ತಿಳಿಯಲೇ ಇಲ್ಲ.

ಮುಗಿದಾಗ ಒಂದು ತಾಸು ಇಪ್ಪತ್ತೈದು ನಿಮಿಷ. ಹದಿನಾಲ್ಕು ಜನರೂ ಒಟ್ಟಿಗೇ ಬಂದೆವು, ಹದಿನಾಲ್ಕು ಜನರೂ ಫೇಲು. ನಿಯಮ ಮಾಡಿದವನ ಹೆಸರೂ ಹೋಯಿತು. ಮಾಡಿದ್ದುಣ್ಣೋ ಮಹಾರಾಯ!

ಇದನ್ನು ಬೇಕಂತಲೇ ಮಾಡಿದಿರಿ ಎಂದು ಜನಾಬಾಯಿಯ ಮೇಲೆ ಹರಿಹಾಯ್ದೆ. ಆಕೆ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡು ನನ್ನೆದುರು ನಿಂತಳು.

"ಹೌದ್ರಿ, ಬೇಕಂತನ ತಡದೀನಿ. ಈಗ ಯಾರನ್ನ ಬಿಟ್ಟ ಹೋಗ್ತೀರಿ, ಬಿಟ್ಟ ಹೋಗ್ರಿ ನೋಡೂಣು."

ಆಗ ಆಕೆ ಹತ್ತಿರ ಬಂದು, ನನಗಷ್ಟೇ ಕೇಳುವಂತೆ ದನಿ ತಗ್ಗಿಸಿದಳು.

"ಇವತ್ತ ನಾಕನೇ ಸುತ್ತಿನ್ಯಾಗ ನಿಮ್ಮ ಚೈನು ಬೀಳಲಿಲ್ಲಲ್ರಿ, ಸಾವ್ಕಾರ್ರ."

ನಾನು ತಲೆ ತಗ್ಗಿಸಿದೆ. ಎರಡು ವರ್ಷ ಈ ಹೆಂಗಸು ಎಲ್ಲರ ಹಿಂದೆ ಬರುತ್ತ ಎಲ್ಲರ ಕಾಲೂ ನೋಡಿದ್ದಳು. ನೋಡಿಯೂ ಒಬ್ಬರ ಮುಂದೆ ಬಾಯಿ ಬಿಟ್ಟಿರಲಿಲ್ಲ. ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಮನೆಗೆ ಹೋಗಿ ಕಸ್ತೂರಬಾಯಿಗೆ ಮೊಣಕಾಲಿನ ವಿಷಯ ಹೇಳಿದರೆ, ಹುಣಸೆ ಮರಕ್ಕೂ ಗೊತ್ತಿರುವುದನ್ನು ನನಗೇನು ಹೇಳುತ್ತೀರಿ ಎಂದಳು.

ಮುಂದಿನ ಭಾನುವಾರ, ನಿಯಮ ಕೈಬಿಟ್ಟು, ಹದಿನಾಲ್ಕು ಜನರೂ ಅಕ್ಕಲಕೋಟಕ್ಕೆ ಹೊರಟೆವು. ಮುಂದೆ ಜನಾಬಾಯಿ. ಎಲ್ಲರ ಹಿಂದೆ, ಧರೆಪ್ಪ ನಡೆಯುತ್ತಿದ್ದ ಜಾಗದಲ್ಲಿ ನಾನು. ಆ ಜಾಗವನ್ನು ನಾನೇ ಕೇಳಿ ತೆಗೆದುಕೊಂಡೆ. ಕುಂಭಾರಿ ದಾಟಿದ ಮೇಲೆ ಮೊಣಕಾಲು ಹಿಡಿಯಿತು. ಮೊಣಕಾಲು ನೋಯ್ತದ, ನಿಲ್ರಿ ಎಂದು ನಡುರಸ್ತೆಯಲ್ಲಿ ಎಲ್ಲರಿಗೂ ಕೇಳುವಂತೆ ಕೂಗಿದೆ. ಎಲ್ಲರೂ ನಿಂತರು.

ವಳಸಂಗದ ಹತ್ತಿರ ಮೋಟಾರ್ ಸೈಕಲ್ ಮೇಲೆ ಬಂದ ಇಬ್ಬರು ಹುಡುಗರು ವೇಗ ತಗ್ಗಿಸಿ, ಅಜ್ಜಾ, ಈ ನಡಿಗೆಯಲ್ಲಿ ಅಕ್ಕಲಕೋಟ ಇವತ್ತು ಮುಟ್ಟುತ್ತೀರಾ ಎಂದು ನಕ್ಕರು. ನಾನು ಪೆಡಲ್ ಮೇಲಿನ ಕಾಲು ತೆಗೆಯಲಿಲ್ಲ.

"ನಾಳಿ ಮುಟ್ಟಿದ್ರ ನಾಳಿ," ಎಂದೆ. "ಮುಟ್ಟೂದು ಮಾತ್ರ ಹದಿನಾಕೂ ಮಂದಿ."